ದಾವಣಗೆರೆಯಲ್ಲಿ ಡ್ರೋನ್ ತಲೆಎಣಿಕೆ ಸೇವೆ: ಚಿತ್ರಕ್ಕೆ ಪೂರ್ಣ ಅಂಕ, ಲೆಕ್ಕಕ್ಕೆ ಅರ್ಧ

ದಾವಣಗೆರೆಯಲ್ಲಿ ಮದುವೆ, ಜಾತ್ರೆಗಳಿಗೆ ಡ್ರೋನ್ ಚಿತ್ರೀಕರಣ ಮಾಡಿಕೊಡುವ ಸಂಸ್ಥೆಯೊಂದು ಈಚೆಗೆ ಮೆರವಣಿಗೆಗಳಲ್ಲಿ ಪಾಲ್ಗೊಂಡವರನ್ನು ಎಣಿಸಿ ವರದಿ ಕೊಡುವ ಸೇವೆಯನ್ನೂ ಆರಂಭಿಸಿದೆ. ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದ ಜಮೀನುಗಳಿಗೆ ನೀರು ತಲುಪಿಸಬೇಕೆಂದು ಒತ್ತಾಯಿಸಿ ನಮ್ಮ ರೈತ ಸಂಘಟನೆಯವರು ಜಯದೇವ ವೃತ್ತದಿಂದ ಗಾಂಧಿ ವೃತ್ತದ ಮಾರ್ಗವಾಗಿ ಉಪವಿಭಾಗಾಧಿಕಾರಿಗಳ ಕಚೇರಿಯವರೆಗೆ ನಡೆಸಿದ ಪ್ರತಿಭಟನಾ ಮೆರವಣಿಗೆಗೆ ಈ ಸೇವೆಯನ್ನು ಪಡೆದಿದ್ದೆವು. ಪತ್ರಿಕಾ ಹೇಳಿಕೆ ಬರೆಯುವ ಕೆಲಸ ನನ್ನ ಪಾಲಿಗಿದ್ದುದರಿಂದ ವರದಿಯನ್ನು ಸಾಲು ಸಾಲಾಗಿ ಓದಬೇಕಾಯಿತು. ಇಂಥ ಸೇವೆಯನ್ನು ಕೊಳ್ಳಲು ಯೋಚಿಸುತ್ತಿರುವ ಇತರ ಸಂಘಟನೆಗಳಿಗೆ ಉಪಯೋಗವಾದೀತೆಂದು ಈ ವಿಮರ್ಶೆ ಬರೆದಿದ್ದೇನೆ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲೂ, ಅಂದರೆ ಪೂರ್ವಾನುಮತಿ ಇಲ್ಲದೆ ಹಾರಿಸಬಹುದಾದ ಪ್ರದೇಶದಲ್ಲೂ, ಸಾಮಾನ್ಯವಾಗಿ 120 ಮೀಟರಿಗಿಂತ ಎತ್ತರಕ್ಕೆ ಹಾರಿಸುವಂತಿಲ್ಲ. ಬಾಡಿಗೆ ಕೆಲಸಕ್ಕೆ ಬಳಸುವ, 250 ಗ್ರಾಂ ಮೀರಿದ ಡ್ರೋನನ್ನು ಹಾರಿಸುವವರಲ್ಲಿ ಪೈಲಟ್ ಪ್ರಮಾಣಪತ್ರ ಇರಬೇಕು. ಇವರು ಪ್ರಮಾಣಪತ್ರವನ್ನು ನಾವು ಕೇಳುವ ಮೊದಲೇ ತೋರಿಸಿದರು, ಪೊಲೀಸ್ ಠಾಣೆಗೆ ತಾವೇ ಹೋಗಿ ಪತ್ರ ಕೊಟ್ಟುಬಂದರು. ಡ್ರೋನನ್ನು ಜನರ ನೆತ್ತಿಯ ಮೇಲೆ ತಾರದೆ ರಸ್ತೆಯ ಅಂಚಿನಿಂದ ಓರೆಯಾಗಿ ಚಿತ್ರ ತೆಗೆದರು. ಟ್ರ್ಯಾಕ್ಟರುಗಳ ಸಾಲು, ಹಸಿರು ಶಾಲುಗಳು, ಪಿ.ಬಿ. ರಸ್ತೆಯ ಅಂಗಡಿ ಮೆಟ್ಟಿಲುಗಳ ಮೇಲೆ ನಿಂತು ನೋಡುತ್ತಿದ್ದವರು, ಎಲ್ಲವೂ ಸ್ಪಷ್ಟವಾಗಿ ಬಂದಿವೆ. ದರವೂ ಮದುವೆಯ ಅರ್ಧ ದಿನದ ಚಿತ್ರೀಕರಣಕ್ಕೆ ಕೇಳುವ ಮೊತ್ತದ ಆಸುಪಾಸಿನಲ್ಲೇ ಇತ್ತು.

ನನ್ನ ತಕರಾರು ಇರುವುದು ವರದಿಯಲ್ಲಿ. ಅಲ್ಲಿ ನಾಲ್ಕಂಕಿಯ ಒಂದೇ ಸಂಖ್ಯೆಯನ್ನು ಬಿಡಿ ಸ್ಥಾನದವರೆಗೂ ನಿಖರವೆಂಬಂತೆ ದಪ್ಪಕ್ಷರದಲ್ಲಿ ಮುದ್ರಿಸಲಾಗಿತ್ತು. ಎಷ್ಟು ವಿಸ್ತೀರ್ಣವನ್ನು ಲೆಕ್ಕಕ್ಕೆ ತೆಗೆದುಕೊಂಡರು, ಚದರ ಮೀಟರಿಗೆ ಎಷ್ಟು ಜನರಿದ್ದರು, ಚಿತ್ರ ತೆಗೆದಾಗ ಗಂಟೆ ಎಷ್ಟಾಗಿತ್ತು, ಎಣಿಕೆ ಎಷ್ಟರಮಟ್ಟಿಗೆ ಹೆಚ್ಚುಕಡಿಮೆಯಾಗಬಹುದು ಎಂಬ ಯಾವ ವಿವರವೂ ಇರಲಿಲ್ಲ. ಕೇಳಿದಾಗ ತಂತ್ರಾಂಶವೇ ತಲೆಗಳನ್ನು ಎಣಿಸುತ್ತದೆ ಎಂಬ ಉತ್ತರ ಬಂತು. ತಂತ್ರಾಂಶ ಎಣಿಸುವುದು ಚಿತ್ರದಲ್ಲಿ ಕಂಡ ತಲೆಗಳನ್ನು ಮಾತ್ರ. ಮರದ ಕೊಂಬೆಯ ಕೆಳಗಿದ್ದವರು, ಕೊಡೆ ಹಿಡಿದವರು, ಬ್ಯಾನರಿನ ಹಿಂದೆ ನಡೆದವರು ಅದಕ್ಕೆ ಸಿಗುವುದಿಲ್ಲ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವರು ಮಾತ್ರ ಪ್ರತಿಭಟನಾಕಾರರಾಗಿ ಸೇರಿಕೊಳ್ಳುತ್ತಾರೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒತ್ತಾಗಿ ಕುಳಿತವರನ್ನು ನಡೆಯುವವರ ಜೊತೆ ಸೇರಿಸಿ ಎಣಿಸುವುದೂ ಸರಿಯಲ್ಲ. ಟ್ರೇಲರುಗಳನ್ನು ಬೇರೆಯಾಗಿ ಎಣಿಸಿ, ಒಂದೊಂದರಲ್ಲಿ ಸರಾಸರಿ ಎಷ್ಟು ಜನರಿದ್ದರೆಂದು ನೋಡಿ ಗುಣಿಸಬೇಕು.

ಜನ ತುಂಬಿದ ಜಾಗದ ವಿಸ್ತೀರ್ಣದಿಂದ ಅವರ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನ ಹೊಸದೇನಲ್ಲ. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆಗಳು ನಡೆಯುತ್ತಿದ್ದ 1960ರ ದಶಕದಲ್ಲಿ, ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಬೋಧಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಅವರು ವಿಶ್ವವಿದ್ಯಾಲಯದ ಚೌಕದಲ್ಲಿ ನೆರೆಯುತ್ತಿದ್ದ ವಿದ್ಯಾರ್ಥಿಗಳನ್ನು ಗಮನಿಸಿ, ನೆಲಹಾಸಿನ ಚೌಕಾಕಾರದ ಮನೆಗಳನ್ನೇ ಅಳತೆಯಾಗಿ ಬಳಸಿ ಸರಳ ಸೂತ್ರವೊಂದನ್ನು ರೂಪಿಸಿದರು. ವಿರಳವಾದ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾದ ಗುಂಪಿನಲ್ಲಿ 4.5 ಚದರ ಅಡಿ, ಮೈಗೆ ಮೈ ತಾಗುವ ಜನಜಂಗುಳಿಯಲ್ಲಿ 2.5 ಚದರ ಅಡಿ ಜಾಗ ಎಂಬುದು ಅವರ ಅಂದಾಜು. 15 ಮೀಟರ್ ಅಗಲದ ರಸ್ತೆ 600 ಮೀಟರ್ ಉದ್ದಕ್ಕೂ ತುಂಬಿದೆಯೆಂದು ಇಟ್ಟುಕೊಂಡರೆ ವಿಸ್ತೀರ್ಣ 9,000 ಚದರ ಮೀಟರ್ ಆಗುತ್ತದೆ. ಅಲ್ಲಿ ವಿರಳವಾಗಿ ಸುಮಾರು ಒಂಬತ್ತೂವರೆ ಸಾವಿರ, ಒತ್ತಾಗಿ ಇಪ್ಪತ್ತೊಂದು ಸಾವಿರದಷ್ಟು ಜನ ಹಿಡಿಯುತ್ತಾರೆ. ಅಷ್ಟೇ ಜಾಗದಲ್ಲಿ ಒಂದು ಲಕ್ಷ ಜನ ಸೇರಿದ್ದರೆಂದು ಯಾರಾದರೂ ವೇದಿಕೆಯಿಂದ ಘೋಷಿಸಿದರೆ ಚದರ ಮೀಟರಿಗೆ 11 ಜನ ನಿಂತಿರಬೇಕಾಗುತ್ತದೆ. ಹಾಗೆ ನಿಂತು ಘೋಷಣೆ ಕೂಗುವುದಿರಲಿ, ಉಸಿರಾಡುವುದೂ ಕಷ್ಟ. ನಮ್ಮ ಮುಖಂಡರಲ್ಲೂ ಇಂಥ ಘೋಷಣೆಯ ಅಭ್ಯಾಸವುಳ್ಳವರಿದ್ದಾರೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆದರೆ ಜೇಕಬ್ಸ್ ಅವರ ಸೂತ್ರ ನಿಂತ ಜನರಿಗೆ ಸಲ್ಲುವಂಥದು. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ ಅಮೃತ ಮಹೋತ್ಸವಕ್ಕೋ, 2023ರ ಮಾರ್ಚ್ 25ರಂದು ಪ್ರಧಾನಿ ಮೋದಿಯವರ ಸಮಾವೇಶಕ್ಕೋ ನಮ್ಮ ಊರಿನಲ್ಲಿ ಸೇರಿದಂಥ ಜನರನ್ನು ಮೈದಾನದ ವಿಸ್ತೀರ್ಣ ಅಳೆದು ಅಂದಾಜು ಮಾಡಬಹುದು. ಮೆರವಣಿಗೆ ಹಾಗಲ್ಲ, ಅದು ನಾಲೆಯ ನೀರಿನಂತೆ ಹರಿಯುತ್ತದೆ. ಒಂದು ಗಳಿಗೆಯಲ್ಲಿ ನಾಲೆಯೊಳಗೆ ಕಂಡ ನೀರನ್ನು ಅಳೆದು ದಿನವಿಡೀ ಬಿಟ್ಟ ನೀರು ಇಷ್ಟೇ ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ಈ ಸಂಸ್ಥೆ ಮಾಡಿದ್ದು ಅದನ್ನೇ. ಮೆರವಣಿಗೆಯ ಮುಂಭಾಗ ಗಾಂಧಿ ವೃತ್ತಕ್ಕೆ ಬಂದಾಗ ತೆಗೆದ ಚಿತ್ರಗಳನ್ನು ಜೋಡಿಸಿ ಎಣಿಸಿದರು. ಮಲೇಬೆನ್ನೂರು, ಹೊನ್ನಾಳಿ ಕಡೆಯ ಟ್ರ್ಯಾಕ್ಟರುಗಳು ಆಗಿನ್ನೂ ಜಯದೇವ ವೃತ್ತವನ್ನು ತಲುಪಿರಲಿಲ್ಲ. ಇನ್ನೊಂದೆಡೆ, ಮೊದಲ ಸಾಲಿನಲ್ಲಿ ಬಂದ ಕೆಲವರು ಅರ್ಧದಾರಿಯಲ್ಲೇ ಬೆಣ್ಣೆದೋಸೆ ಹೋಟೆಲುಗಳ ಕಡೆ ಸರಿದುಹೋದರು. ಅವರನ್ನು ಲೆಕ್ಕದಿಂದ ಕಳೆಯಬೇಕೋ ಬೇಡವೋ ಎಂಬುದನ್ನು ಎಣಿಸುವವರು ಮೊದಲೇ ತೀರ್ಮಾನಿಸಿರಬೇಕು.

ಹರಿಯುವ ಜನರಿಗೆ ಬೇರೆ ಲೆಕ್ಕವಿದೆ. ಸಾಲು 10 ಮೀಟರ್ ಅಗಲವಿದ್ದು, ಚದರ ಮೀಟರಿಗೆ ಒಬ್ಬರಂತೆ, ನಿಮಿಷಕ್ಕೆ 50 ಮೀಟರ್ ವೇಗದಲ್ಲಿ ನಡೆದರೆ ಗೊತ್ತುಪಡಿಸಿದ ಜಾಗವನ್ನು ನಿಮಿಷಕ್ಕೆ 500 ಜನ ದಾಟುತ್ತಾರೆ. ಸಾಲು ಪೂರ್ತಿ ದಾಟಲು 40 ನಿಮಿಷ ಹಿಡಿದರೆ ಒಟ್ಟು 20,000. ಅದೇ ಮೆರವಣಿಗೆಯ 600 ಮೀಟರ್ ಭಾಗವನ್ನಷ್ಟೇ ಒಮ್ಮೆ ಚಿತ್ರ ತೆಗೆದು ಎಣಿಸಿದರೆ 6,000 ಮಾತ್ರ ಸಿಗುತ್ತದೆ. ಹಾಂಗ್‌ಕಾಂಗಿನ ಜುಲೈ 1ರ ಮೆರವಣಿಗೆಗಳಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪಾಲ್ ಯಿಪ್ ಮತ್ತು ಸಂಗಡಿಗರು ದಾರಿಯ ಗೊತ್ತಾದ ಜಾಗಗಳಲ್ಲಿ ದಾಟಿದವರನ್ನು ಎಣಿಸುವ ವಿಧಾನವನ್ನು ವರ್ಷಗಟ್ಟಲೆ ಬಳಸಿದ್ದಾರೆ. 2019ರ ಜುಲೈ 1ರಂದು ಕೃತಕ ಬುದ್ಧಿಮತ್ತೆಯ ನೆರವಿನಿಂದ ಅವರ ತಂಡ ಕೊಟ್ಟ ಅಂದಾಜು 2,65,000. ಸಂಘಟಕರು 5,50,000 ಎಂದಿದ್ದರು, ಪೊಲೀಸರು 1,90,000 ಎಂದಿದ್ದರು. ಎರಡೂ ಕಡೆಯವರಿಗೆ ಪೂರ್ತಿ ಹಿತವಾಗದ ಆ ಸಂಖ್ಯೆಯ ಬೆಲೆ ಇರುವುದು ಅದರ ಹಿಂದಿನ ವಿಧಾನವನ್ನು ಬೇರೆಯವರೂ ಪರಿಶೀಲಿಸಬಹುದು ಎಂಬುದರಲ್ಲಿ.

ವಿಧಾನ ಹೇಳಿದರೂ ಜಗಳ ತಪ್ಪದೆ ಇರಬಹುದು. 1995ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಮಿಲಿಯನ್ ಮ್ಯಾನ್ ಮಾರ್ಚ್‌ಗೆ ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ನಾಲ್ಕು ಲಕ್ಷ ಜನರೆಂದಾಗ ಸಂಘಟಕರು ಮೊಕದ್ದಮೆ ಹೂಡುವುದಾಗಿ ಹೇಳಿದರು. ಬಾಸ್ಟನ್ ವಿಶ್ವವಿದ್ಯಾಲಯದ ಫಾರೂಕ್ ಎಲ್-ಬಾಜ್ ತಂಡ ಚಿತ್ರಗಳನ್ನು ಮತ್ತೆ ಪರಿಶೀಲಿಸಿ ಸುಮಾರು 8,37,000 ಎಂದಿತು, ಶೇ. 20ರಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಸೇರಿಸಿತು. ಆ ಬಳಿಕ ಇಲಾಖೆ ಇಂಥ ಸಂಖ್ಯೆ ಪ್ರಕಟಿಸುವುದನ್ನೇ ನಿಲ್ಲಿಸಬೇಕಾಯಿತು. ಶೇ. 20ರ ಆ ಒಂದು ಮಾತು ನಮಗೆ ಬಂದ ವರದಿಯಲ್ಲಿ ಇದ್ದಿದ್ದರೆ ನನ್ನ ಅರ್ಧ ತಕರಾರು ಮುಗಿಯುತ್ತಿತ್ತು.

ವರದಿಯನ್ನು ಒರೆಗೆ ಹಚ್ಚಲು ಎರಡು ದಾರಿ ಹಿಡಿದೆ. ಮೊದಲನೆಯದು ಮ್ಯಾಪ್‌ಚೆಕಿಂಗ್ ಎಂಬ ಉಚಿತ ಜಾಲತಾಣ: ನಕ್ಷೆಯ ಮೇಲೆ ಜನ ತುಂಬಿದ್ದ ಜಾಗದ ಸುತ್ತ ಗೆರೆ ಎಳೆದು, ಚದರ ಮೀಟರಿಗೆ ಎಷ್ಟು ಜನರೆಂದು ನಮೂದಿಸಿದರೆ ಒಟ್ಟು ಎಷ್ಟಾದೀತೆಂದು ತೋರಿಸುತ್ತದೆ. ಸಾಂದ್ರತೆಯನ್ನು ನಾವೇ ಹೇಳಬೇಕಾದ್ದರಿಂದ ಅದು ಸುಳ್ಳನ್ನು ತಡೆಯುವುದಿಲ್ಲ, ಆದರೆ ಅಸಾಧ್ಯವಾದದ್ದನ್ನು ಕೂಡಲೇ ಬಯಲು ಮಾಡುತ್ತದೆ. ಎರಡನೆಯದು ನಮ್ಮದೇ ಅಡುಗೆಯವರ ಲೆಕ್ಕ. ಹಂಚಿದ ಪಲಾವ್ ಪೊಟ್ಟಣಗಳ ಸಂಖ್ಯೆ ತಲೆಗಳ ಸಂಖ್ಯೆಯಲ್ಲ, ಒಬ್ಬರೇ ಎರಡು ಪಡೆದಿರುತ್ತಾರೆ, ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದವರು ಪಡೆದಿರುವುದೇ ಇಲ್ಲ. ಹಾಗಿದ್ದರೂ ಡ್ರೋನಿನ ಸಂಖ್ಯೆ ಪೊಟ್ಟಣಗಳ ಸಂಖ್ಯೆಗಿಂತ ಬಹಳ ಕೆಳಗಿದ್ದುದು, ತಡವಾಗಿ ಬಂದವರು ಲೆಕ್ಕದಿಂದ ಬಿಟ್ಟುಹೋಗಿದ್ದಾರೆ ಎಂಬ ನನ್ನ ಗುಮಾನಿಗೆ ಪುಷ್ಟಿ ಕೊಟ್ಟಿತು. ಪತ್ರಿಕಾ ಹೇಳಿಕೆಯಲ್ಲಿ ಕೊನೆಗೆ ಒಂದು ಸಂಖ್ಯೆಯ ಬದಲು ಕೆಳಗಿನ ಮತ್ತು ಮೇಲಿನ ಮಿತಿಗಳನ್ನು ಬರೆದು, ಡ್ರೋನ್ ಚಿತ್ರ ತೆಗೆದ ಸಮಯವನ್ನೂ ಸೇರಿಸಿದೆ. ಮುಖಂಡರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಸಭೆ, ಧರಣಿ, ಸಮಾವೇಶಗಳಂತೆ ಜನ ಒಂದೆಡೆ ಕೂರುವ ಕಾರ್ಯಕ್ರಮಕ್ಕೆ ಈ ಸೇವೆಯನ್ನು ಈಗಲೇ ಪಡೆಯಬಹುದು. ಜನ ಅತಿ ಹೆಚ್ಚು ಸೇರಿದ ಹೊತ್ತಿನಲ್ಲಿ ಚಿತ್ರ ತೆಗೆಯಬೇಕೆಂದು ಮಾತ್ರ ಬರವಣಿಗೆಯಲ್ಲಿ ಹೇಳಿರಬೇಕು. ಮೆರವಣಿಗೆಗಾದರೆ ಇಡೀ ಸಾಲು ದಾಟುವವರೆಗೂ ಎರಡು ಜಾಗಗಳಲ್ಲಿ ಕಟ್ಟಡದ ಮೇಲಿನಿಂದ ನಿರಂತರ ವಿಡಿಯೋ ತೆಗೆದು, ಐದೈದು ನಿಮಿಷಕ್ಕೆ ಒಂದು ನಿಮಿಷದಂತೆ ಕೈಯಾರೆ ಎಣಿಸಿ ತಂತ್ರಾಂಶದ ಲೆಕ್ಕದೊಡನೆ ತಾಳೆ ನೋಡಬೇಕೆಂದು ಕೇಳಿ. ನಾವು ಕೇಳಿದಾಗ ಅವರು ಒಪ್ಪಿದ್ದಾರೆ; ಅದಕ್ಕೆ ಬೇಕಾಗುವ ಹೆಚ್ಚುವರಿ ಇಬ್ಬರ ಕೂಲಿಯನ್ನು ಸಂಘಟನೆಯೇ ಭರಿಸಬೇಕೆಂಬುದು ಅವರ ಷರತ್ತು, ಮತ್ತು ವರದಿ ಅಂದೇ ಸಂಜೆಗೆ ಕೈಸೇರಬೇಕೆಂಬುದು ನಮ್ಮದು.