ಕಾರವಾರದ ಒಬ್ಬ ವಕೀಲರ ಕಚೇರಿ: 500 ರೂಪಾಯಿಯ ಸಲಹೆ, ಒಂದೂವರೆ ಗಂಟೆಯ ಬೆಂಚು

ಮೊದಲೇ ಹೇಳಿಬಿಡುತ್ತೇನೆ, ವಕೀಲರ ಹೆಸರು ಕೇಳಬೇಡಿ. ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಲಾ ಅಂತ ಕೇಳಿದ್ದಕ್ಕೆ ಅವರೇ ಬೇಡ ಅಂದರು. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. "ನಿನ್ನ ಊಟದ ಮನೆಗೆ ಎಷ್ಟು ದೊಡ್ಡ ಬೋರ್ಡಾದರೂ ಹಾಕು ತಂಗಿ. ನಮಗೆ ಬೋರ್ಡಿನ ಅಳತೆಗೂ ನಿಯಮ" ಅಂದರು. ಹಾಗಾಗಿ ಇಷ್ಟೇ ಹೇಳುತ್ತೇನೆ: ಕೋರ್ಟಿನಿಂದ ನಡೆದು ಹೋಗುವಷ್ಟು ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಕಡಿದು. ಮಂಡಿ ನೋವಿನವರಿಗೆ ಕಷ್ಟ.

ನಾನು ಅಂಕೋಲೆಯವಳು. ಆರು ಟೇಬಲಿನ ಊಟದ ಮನೆ ನಡೆಸುತ್ತೇನೆ. ನನಗೆ ಎರಡು ಹಳೆಯ ಸಿಟ್ಟುಗಳಿದ್ದವು. ಎರಡೂ 2020ರವು.

ಒಂದು, ಆ ವರ್ಷದ ಜುಲೈನಲ್ಲಿ ನಮ್ಮ ಊಟದ ಮನೆ ಇರುವ ಓಣಿಯನ್ನು ಸೀಲ್‌ಡೌನ್ ಮಾಡಿದ್ದು. ಕೋವಿಡ್ ಕೇಸ್ ಬಂದದ್ದು ನಾಲ್ಕು ಮನೆ ಆಚೆ. ತಗಡು, ಬಿದಿರು ತಂದು ಓಣಿಯ ಎರಡೂ ಬಾಯಿ ಮುಚ್ಚಿದರು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ ಅಂತ ಮೊದಲೇ ತುಂಬಿಸಿಟ್ಟ 60 ಕೆಜಿ ಬಂಗಡೆ, ಇಸೋಣ ಮೀನು ಫ್ರೀಜರಿನಲ್ಲಿತ್ತು. ನಾವಿದ್ದದ್ದು ಇನ್ನೊಂದು ಬೀದಿಯ ಮನೆಯಲ್ಲಿ. ಗಾಳಿಮಳೆಗೆ ಎರಡು ದಿನ ಕರೆಂಟಿಲ್ಲ. ಜನರೇಟರ್ ಹಾಕಲು ಒಂದು ಗಂಟೆ ಒಳಗೆ ಬಿಡಿ ಅಂತ ಅಂಗಲಾಚಿದೆ. ಬಿಡಲಿಲ್ಲ. 14 ದಿನ ಆದ ಮೇಲೆ ಬಾಗಿಲು ತೆರೆದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿದೆ.

ಎರಡನೆಯದು ಸೆಪ್ಟೆಂಬರಿನದು. ತಂಗಿಯ ಮನೆಗೆ ಅಂತ ಘಟ್ಟ ಹತ್ತಿದ ನಮ್ಮ ಯಜಮಾನರು ಅಲ್ಲೇ ಜ್ವರ ಹಿಡಿದು ಮಲಗಿದರು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಜನರಲ್ ವಾರ್ಡ್, 8 ದಿನ. ಹಾಸಿಗೆಗೇ ದಿನಕ್ಕೆ 16,500 ರೂಪಾಯಿ. ಬಳೆ ಅಡವಿಟ್ಟು ಕಟ್ಟಿದೆ. ಇಷ್ಟು ಯಾಕೆ ಅಂತ ಕೇಳಿದಾಗ ಬಿಲ್ ಕೌಂಟರಿನ ಹುಡುಗ ಹೇಳಿದ ಮಾತು ಮರೆತಿಲ್ಲ: "ಈಗ ಎಪಿಡೆಮಿಕ್ ಆಕ್ಟ್ ಇದೆ ಮೇಡಂ. ಯಾವ ಕೋರ್ಟಿಗೆ ಹೋದರೂ ನಮ್ಮ ಮೇಲೆ ಕೇಸ್ ನಿಲ್ಲಲ್ಲ." ನಂಬಿಬಿಟ್ಟೆ. ಅದೇ ಹೊತ್ತಿಗೆ ವಾಟ್ಸ್ಆ್ಯಪಿನಲ್ಲೂ ಒಂದು ಮೆಸೇಜ್ ಓಡಾಡುತ್ತಿತ್ತು, ಕೋವಿಡ್ ಔಷಧಿ, ಲಸಿಕೆ, ಆಸ್ಪತ್ರೆ ಯಾವುದರ ಮೇಲೂ ದಾವೆ ಹಾಕುವ ಹಾಗಿಲ್ಲ ಅಂತ. ಬಿಲ್ಲನ್ನು ಟ್ರಂಕಿನ ತಳಕ್ಕೆ ಹಾಕಿದೆ.

2023ರ ಡಿಸೆಂಬರಿನಲ್ಲಿ ರೇಷನ್ ಕಾರ್ಡ್ ಹುಡುಕುವಾಗ ಅದು ಮತ್ತೆ ಕೈಗೆ ಸಿಕ್ಕಿತು. ಸಿಟ್ಟೂ ಜೊತೆಗೇ ಬಂತು. ಮರುದಿನ ಬೆಳಿಗ್ಗೆ ಕಾರವಾರದ ಬಸ್ಸು ಹತ್ತಿದೆ.

ಕಾಯಿಸಿದರು. ಒಂದೂವರೆ ಗಂಟೆ, ಹಿಂದಕ್ಕೆ ಒರಗಲು ಜಾಗವಿಲ್ಲದ ಬೆಂಚು, ಫ್ಯಾನ್ ಇರುವುದು ಗುಮಾಸ್ತರ ತಲೆಯ ಮೇಲೆ ಮಾತ್ರ. ಇದಕ್ಕೆ ಒಂದು ನಕ್ಷತ್ರ ಕಡಿಮೆ. ಒಳಗೆ ಹೋದ ಮೇಲೆ ಮಾತ್ರ ಅವಸರ ಮಾಡಲಿಲ್ಲ. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಮೀನಿನ ಕತೆಗೆ ನಗಲಿಲ್ಲ. ಅದು ನನಗೆ ಮುಖ್ಯ.

ಆಮೇಲೆ ಕಪಾಟಿನಿಂದ ಪುಸ್ತಕ ತೆಗೆದರು. ಆ ಹುಡುಗ ಹೇಳಿದ ಎಪಿಡೆಮಿಕ್ ಆಕ್ಟ್, ಅಂದರೆ ಸಾಂಕ್ರಾಮಿಕ ರೋಗಗಳ ಕಾಯ್ದೆ, 1897ರಲ್ಲಿ ಮುಂಬೈ ಪ್ಲೇಗಿಗೆ ಹೆದರಿ ಬ್ರಿಟಿಷರು ಮಾಡಿದ್ದು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಇಡೀ ಕಾಯ್ದೆಯಲ್ಲಿ ಇದ್ದದ್ದೇ ನಾಲ್ಕು ಕಲಮು. ನಾಲ್ಕನೆಯದು ಒಂದೇ ವಾಕ್ಯ: ಈ ಕಾಯ್ದೆಯ ಕೆಳಗೆ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಯಾರ ಮೇಲೂ ದಾವೆ ನಡೆಯುವುದಿಲ್ಲ. 2020ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಮೊದಲು ಸುಗ್ರೀವಾಜ್ಞೆ, ಆಮೇಲೆ ಸ್ವಂತ ಕಾಯ್ದೆ ಅಂತ ತಂದಾಗಲೂ ಈ ಮಾತು ಅದರೊಳಗೆ ಬಂತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 73ನೇ ಕಲಮೂ ಇದನ್ನೇ ಹೇಳುತ್ತದೆ. ಅದು ಸರ್ಕಾರ, ಅಧಿಕಾರಿಗಳು, ಅವರ ಪರವಾಗಿ ಕೆಲಸ ಮಾಡಿದವರು ಎಲ್ಲರಿಗೂ ಅನ್ವಯ.

"ಅಂದರೆ ಆ ಹುಡುಗ ಹೇಳಿದ್ದು ಖರೆಯಾ?" ಅಂದೆ.

"ಅರ್ಧ ಖರೆ. ಆ ಅರ್ಧ ನಿನ್ನ ಮೀನಿಗೆ ಸೇರಿದ್ದು."

ಇಲ್ಲಿ ಅವರು ಹೇಳಿದ್ದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. 500 ರೂಪಾಯಿ ವಸೂಲಾದದ್ದೇ ಇಲ್ಲಿ. ಸದ್ಭಾವನೆ ಅಂದರೆ ಎಂತದು? ನಾನು ತಿಳಿದದ್ದು, ಜಾಗರೂಕತೆಯಿಂದ ಮಾಡಿದರೆ ಸದ್ಭಾವನೆ, ಬೇಜವಾಬ್ದಾರಿಯಿಂದ ಮಾಡಿದರೆ ಅಲ್ಲ ಅಂತ. ಹಾಗಲ್ಲವಂತೆ. ಕಾಯ್ದೆಗಳ ಪದಗಳಿಗೆ ಅರ್ಥ ಹೇಳಲೆಂದೇ ಜನರಲ್ ಕ್ಲಾಸಸ್ ಆ್ಯಕ್ಟ್ ಅಂತ ಒಂದಿದೆ. ಅದೂ 1897ರದ್ದೇ. ಅದರ ಪ್ರಕಾರ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗ್ರತೆ ಇದ್ದರೂ ಸದ್ಭಾವನೆಯೇ. "ಅವತ್ತು ಓಣಿಯ ಬಾಯಲ್ಲಿ ಕಾವಲು ನಿಂತವನು ಎಡವಿದ್ದಾನೆ ತಂಗಿ. ಬೇಕಾದರೆ ದಡ್ಡ ಅನ್ನು. ಆದರೆ ಅವನ ನಿಯತ್ತು ಕೆಟ್ಟಿತ್ತು ಅಂತ ತೋರಿಸೋಕೆ ಆಗ್ತದಾ? ನಿನ್ನ ಹತ್ತಿರ ದುಡ್ಡು ಕೇಳಿದ್ದನಾ? ಹಳೇ ಹಗೆ ಇತ್ತಾ?"

ಇರಲಿಲ್ಲ. ಪಾಪ, ಇಪ್ಪತ್ತೈದರ ಹುಡುಗ. ರೇನ್‌ಕೋಟ್ ಕೂಡ ಇರಲಿಲ್ಲ ಅವನಿಗೆ. ಒಳಗೆ ಬಿಟ್ಟಿದ್ದರೆ ಅವನ ಕೆಲಸ ಹೋಗುತ್ತಿತ್ತು. ಇದು ನನಗೆ ಆಗಲೂ ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ ಅಷ್ಟೇ.

ಹೈಕೋರ್ಟಿನ ಬಾಗಿಲನ್ನು ವಿಪತ್ತು ನಿರ್ವಹಣಾ ಕಾಯ್ದೆಯೂ ಮುಚ್ಚಿಲ್ಲ ಅಂದರು. ನಮ್ಮ ಜಿಲ್ಲೆಗೆ ಧಾರವಾಡ ಪೀಠ. "60 ಕೆಜಿ ಮೀನಿಗೆ ಧಾರವಾಡಕ್ಕೆ ಓಡಾಡ್ತೀಯಾ?" ಅಂತ ಕೇಳಿ ಸುಮ್ಮನಾದರು. ನಾನೂ ಸುಮ್ಮನಾದೆ. ಬೇರೆ ಯಾರಾದರೂ ಆಗಿದ್ದರೆ ಈ ಕೇಸನ್ನೂ ಹಾಕಿಸಿ ಫೀಸು ಎಣಿಸುತ್ತಿದ್ದರೇನೋ.

ಆಮೇಲೆ ಬಿಲ್ಲು ಕೈಗೆತ್ತಿಕೊಂಡರು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೋವಿಡ್ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಿತ್ತು. ವಿಮೆ ಇಲ್ಲದೆ ನಗದು ಕಟ್ಟುವವರಿಗೆ ಜನರಲ್ ವಾರ್ಡಿಗೆ ದಿನಕ್ಕೆ 10,000 ರೂಪಾಯಿ, ವೆಂಟಿಲೇಟರ್ ಇರುವ ಐಸಿಯುಗೆ 25,000. ನನ್ನಿಂದ ತೆಗೆದುಕೊಂಡದ್ದು 8 ದಿನಕ್ಕೆ 1,32,000. ತೆಗೆದುಕೊಳ್ಳಬೇಕಿದ್ದದ್ದು 80,000. ಪೆನ್ಸಿಲಿನಲ್ಲಿ ಬಿಲ್ಲಿನ ಮೂಲೆಗೆ 52,000 ಅಂತ ಬರೆದು ಸುತ್ತ ಗೀಟು ಹಾಕಿದರು.

"ಆ ಸದ್ಭಾವನೆಯ ಕಲಮು ಕಂಬಳಿಕೊಪ್ಪೆ ಇದ್ದ ಹಾಗೆ. ಮಳೆಯಲ್ಲಿ ಗದ್ದೆಗೆ ಇಳಿದವನಿಗೆ ಅಂತ ಕೊಟ್ಟದ್ದು. ಅಂಗಡಿಯೊಳಗೆ ಕೂತು ತೂಕದಲ್ಲಿ ಹೊಡೆಯುವವನು ಅದನ್ನು ಹೊದ್ದುಕೊಂಡರೆ ಆಗ್ತದಾ?" ಸರ್ಕಾರದ ಆದೇಶ ಪಾಲಿಸಲು ಹೋಗಿ ತಪ್ಪಾದರೆ ಆ ರಕ್ಷಣೆ ಕೇಳಬಹುದು. ಇವರು ಆದೇಶವನ್ನೇ ಮುರಿದಿದ್ದಾರೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ವಾಟ್ಸ್ಆ್ಯಪ್ ಮೆಸೇಜ್ ಇನ್ನೂ ಫೋನಿನಲ್ಲಿತ್ತು, ತೋರಿಸಿದೆ. ಓದಿ ನಕ್ಕರು. ಅದು ಅಮೆರಿಕದ್ದಂತೆ. ಅಲ್ಲಿ 2005ರ ಪ್ರೆಪ್ ಕಾಯ್ದೆಯ ಪ್ರಕಾರ ಸರ್ಕಾರ ಘೋಷಣೆ ಹೊರಡಿಸಿದರೆ ಲಸಿಕೆ, ಔಷಧಿ ಮಾಡಿದವರ ಮೇಲೂ, ಕೊಟ್ಟವರ ಮೇಲೂ ದಾವೆ ನಡೆಯುವುದಿಲ್ಲ, ಬೇಕೆಂದೇ ಕೆಡುಕು ಮಾಡಿದ್ದರೆ ಮಾತ್ರ ಬೇರೆ. ಯಾರೋ ಅದನ್ನು ಕನ್ನಡಕ್ಕೆ ತಂದು ನಮ್ಮ ತಲೆಗೆ ಕಟ್ಟಿದ್ದಾರೆ.

ನನ್ನ ದೊಡ್ಡ ಹೆದರಿಕೆ ಬೇರೆಯದೇ ಇತ್ತು. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು. ಮೂರು ವರ್ಷ ಕಳೆದಿತ್ತು. ಅದಕ್ಕೂ ಒಂದು ಕಾಗದ ತೆಗೆದರು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರ ತನಕದ ದಿನಗಳನ್ನು ಗಡುವಿನ ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಆದೇಶ. ಅಂದರೆ ನನ್ನ ಎರಡು ವರ್ಷ ಶುರುವಾದದ್ದೇ 2022ರ ಮಾರ್ಚ್ 1ಕ್ಕೆ. ಇನ್ನೂ ಎರಡೂವರೆ ತಿಂಗಳು ಕೈಯಲ್ಲಿತ್ತು. ಆಸ್ಪತ್ರೆ ಘಟ್ಟದ ಮೇಲಿದ್ದರೂ ನಾನು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕಾರವಾರದಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಆಯೋಗದ ಶುಲ್ಕವೂ ಇಲ್ಲ.

ಮೊದಲು ನೋಟಿಸ್ ಕಳಿಸೋಣ ಅಂದರು. ಅದಕ್ಕೆ 1,500 ರೂಪಾಯಿ. ಎರಡು ಪುಟ, ಬೈಗುಳ ಇಲ್ಲ, ಬರೀ ತಾರೀಕು ಮತ್ತು ಲೆಕ್ಕ. ನನಗೆ ಸ್ವಲ್ಪ ಸಪ್ಪೆ ಅನ್ನಿಸಿತ್ತು. ಮೂರನೇ ವಾರಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. 30,000ದಿಂದ ಶುರು ಮಾಡಿದರು. ಮೀನು ಪೇಟೆಯಲ್ಲಿ ಇಪ್ಪತ್ತು ವರ್ಷ ಚೌಕಾಸಿ ಮಾಡಿದವಳು ನಾನು. 45,000ಕ್ಕೆ ನಿಂತಿತು. ಕೇಸ್ ಹಾಕಿದರೆ ಪೂರ್ತಿ ಬರಬಹುದು, ಯಾವಾಗ ಅಂತ ಹೇಳಲಾರೆ ಅಂದರು ವಕೀಲರು. ತೆಗೆದುಕೊಂಡೆ. ಬಳೆ ಬಿಡಿಸಿದ್ದು ಎಂದೋ ಆಗಿತ್ತು. ಈ ದುಡ್ಡಿಗೆ ಇನ್ವರ್ಟರ್ ಹಾಕಿಸಿದೆ, ಫ್ರೀಜರಿಗೆ.

ಒಂದು ತಕರಾರು ಉಳಿದಿದೆ. ಕೊನೆಯ ದಿನ ಮೆಟ್ಟಿಲಿನ ತನಕ ಬಂದು ಅವರು ಹೇಳಿದರು: ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನಲ್ಲೇ ಕೇಳಬಹುದು, 15100ಕ್ಕೆ ಫೋನ್ ಮಾಡಿದರೂ ಆಯಿತು. "ಇದನ್ನು ಮೊದಲ ದಿನ ಹೇಳಬಾರದಿತ್ತಾ ಸರ್?" ಅಂದೆ. "ಮೊದಲ ದಿನ ಹೇಳಿದ್ದರೆ ನನ್ನ 500 ಎಲ್ಲಿ ಬರ್ತಿತ್ತು?" ಅಂತ ನಕ್ಕರು. ಅಡ್ಡಿಯಿಲ್ಲ, ಐದಕ್ಕೆ ನಾಲ್ಕು ನಕ್ಷತ್ರ.

ಹುಡುಕಿಕೊಂಡು ಹೋಗುವವರು ಬೆಳಿಗ್ಗೆ 9ಕ್ಕೇ ಹೋಗಿ. 10.30ಕ್ಕೆ ಕಪ್ಪು ಕೋಟು ಹಾಕಿಕೊಂಡು ಹೊರಟರೆ ಮತ್ತೆ ಸಿಗುವುದು ಸಂಜೆಗೆ. ಬಿಲ್ಲುಗಳ ಜೆರಾಕ್ಸನ್ನು ನಿಮ್ಮ ಊರಿನಲ್ಲೇ ಮಾಡಿಸಿಕೊಂಡು ಬನ್ನಿ. ಕೆಳಗಿನ ಅಂಗಡಿಯವನು ಪುಟಕ್ಕೆ 5 ರೂಪಾಯಿ ತೆಗೆದುಕೊಳ್ಳುತ್ತಾನೆ.