ಟಿಂಬಕ್ಟುವಿನ ಹಾಳೆಗಳು, ಬೈಂಡರ್ ಕಣ್ಣಿನಲ್ಲಿ

ಪುಸ್ತಕ ಬೈಂಡಿಂಗ್ ನನ್ನ ಕಸುಬು. ಹಾಗಾಗಿ ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನ ‘ಮಾಲಿ ಮ್ಯಾಜಿಕ್’ ತಾಣ ತೆರೆದಾಗ ಕಣ್ಣು ಹೋಗಿದ್ದು ಅಕ್ಷರಕ್ಕಿಂತ ಮೊದಲು ಅಂಚಿಗೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಹಳೆಯ ಊರು ಟಿಂಬಕ್ಟುವಿನ ಬಹುಪಾಲು ಅರಬ್ಬಿ ಹಸ್ತಪ್ರತಿಗಳಿಗೆ ಹೊಲಿಗೆಯೇ ಇಲ್ಲ! ಬಿಡಿ ಹಾಳೆಗಳು, ಸುತ್ತ ತೊಗಲಿನ ಹೊದಿಕೆ. ಪುಟದ ಅಡಿಯಲ್ಲಿ ಬರೆದಿಟ್ಟ ಮುಂದಿನ ಪುಟದ ಮೊದಲ ಪದವೇ ಕ್ರಮಕ್ಕೆ ಆಧಾರ. ಹಿಗ್ಗಿಸಿದರೆ ಹುಳು ಕೊರೆದ ತೂತುಗಳೂ ಸ್ಪಷ್ಟ.

40,000ಕ್ಕೂ ಹೆಚ್ಚು ಪುಟ, ಪುಕ್ಕಟೆ. 2012ರಲ್ಲಿ ಉಗ್ರರು ಊರು ಹಿಡಿದಾಗ ಅಲ್ಲಿನ ಗ್ರಂಥಪಾಲಕ ಅಬ್ದೆಲ್ ಕಾದರ್ ಹೈದರಾ ಮತ್ತು ಸಂಗಡಿಗರು ತಗಡಿನ ಪೆಟ್ಟಿಗೆಗಳಲ್ಲಿ ರಾಜಧಾನಿ ಬಮಾಕೊಗೆ ಗುಟ್ಟಾಗಿ ಸಾಗಿಸಿ ಉಳಿಸಿದ ಸಂಪತ್ತಿದು. ಖಗೋಳ, ವೈದ್ಯ, ಧರ್ಮಶಾಸ್ತ್ರ ಎಲ್ಲವೂ ಉಂಟು. ಆಫ್ರಿಕಾಕ್ಕೆ ಬರಹದ ಚರಿತ್ರೆಯೇ ಇಲ್ಲ ಎನ್ನುವವರ ಬಾಯಿಗೆ ಬೀಗ. ಅರಬ್ಬಿ ಬಾರದವರು ಮೊದಲು ವಿವರಣೆಯ ಲೇಖನಗಳನ್ನು ಓದಿ, ಆಮೇಲೆ ಪುಟಗಳಿಗೆ ಇಳಿಯುವುದು ಲೇಸು. ಮೊಬೈಲ್ ಬೇಡ, ದೊಡ್ಡ ಪರದೆಯಲ್ಲೇ ನೋಡಿ.