ಹಳೆಯ ಇಸುಬಿಗೆ ಮೂರು ಸೂಜಿ: ವಿಜಯಪುರದ ಬಿಸಿಲಿಗೆ ಯಾವುದು?

ಮುಲಾಮಿಗೆ ಬಗ್ಗದ ಇಸುಬಿಗೆ (ಎಕ್ಜಿಮಾ) ನಮ್ಮ ಕಡೆ ಸುಲಭವಾಗಿ ಸಿಗುವುದು ಸ್ಟೆರಾಯ್ಡ್ ಸೂಜಿ, ಟ್ರಯಾಮ್ಸಿನೊಲೋನ್ 40 ಮಿ.ಗ್ರಾಂ. ಹಾಕಿಸಿಕೊಂಡ ಕೆಲವೇ ದಿನಗಳಲ್ಲಿ ತುರಿಕೆ ಅಡಗುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ. ಔಷಧದ ಬಲ ಇಳಿದ ಮೇಲೆ ಇಸುಬು ಮೊದಲಿಗಿಂತ ಜೋರಾಗಿ ಏಳಬಹುದು, ಆಗ ಮತ್ತೊಂದು ಸೂಜಿ. ಪದೇ ಪದೇ ಆದರೆ ಸಕ್ಕರೆ, ಬಿ.ಪಿ. ಏರುತ್ತವೆ, ಮೂಳೆ ಸವೆಯುತ್ತದೆ. ಸ್ನಾಯುವಿಗೆ ಇಳಿಯದೆ ಕೊಬ್ಬಿನಲ್ಲೇ ನಿಂತರೆ ಆ ಜಾಗದಲ್ಲಿ ಗುಳಿ ಬೀಳುತ್ತದೆ. ವರ್ಷಗಟ್ಟಲೆ ಕಾಡುವ ರೋಗಕ್ಕೆ ಇದನ್ನು ನೆಚ್ಚಬೇಡಿ.

ಮೆಥೊಟ್ರೆಕ್ಸೇಟ್ ಕೈಗೆಟಕುವ ಬೆಲೆಯದು, ಆದರೆ ತಾಳ್ಮೆ ಬೇಡುತ್ತದೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ವಾರಕ್ಕೆ ಒಂದೇ ಸಲ, ಸೋಮವಾರವೆಂದರೆ ಸೋಮವಾರವೇ. ದಿನಾ ತೆಗೆದುಕೊಂಡರೆ ಮೂಳೆಯ ಮಜ್ಜೆ ಕೆಟ್ಟು ಜೀವಕ್ಕೇ ಕುತ್ತು. ಇದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ಮಾತ್ರೆ ಬೇರೆ ದಿನ. 2 ಮಿ.ಲೀ.ಯಲ್ಲಿ 50 ಮಿ.ಗ್ರಾಂ ಇರುವ ಬಾಟಲಿಯಾದರೆ 15 ಮಿ.ಗ್ರಾಂ ಅಂದರೆ 0.6 ಮಿ.ಲೀ. ಅದನ್ನು ಮಿ.ಲೀ. ಗೆರೆಯಿರುವ ಸಿರಿಂಜಿನಲ್ಲೇ ಎಳೆಯಬೇಕು. ಇನ್ಸುಲಿನ್ ಸಿರಿಂಜಿನ ಗೆರೆಗಳು ಯೂನಿಟ್ಟಿನವು, ಲೆಕ್ಕ ತಪ್ಪುವುದು ಅಲ್ಲೇ. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ತಪ್ಪಿಸುವಂತಿಲ್ಲ. ಕುಡಿತ ಬೇಡ. ಗರ್ಭಿಣಿಯರಿಗೆ, ಮಗು ಬೇಕೆನ್ನುವವರಿಗೆ ಈ ಔಷಧ ಕೂಡದು.

ಮೈಗೆ ಹಗುರ ಅನ್ನಿಸುವುದು ಡುಪಿಲುಮ್ಯಾಬ್. ದೇಹದ ರಕ್ಷಣೆಯನ್ನೆಲ್ಲ ಕುಗ್ಗಿಸದೆ, ಉರಿಯೂತ ಎಬ್ಬಿಸುವ ಐಎಲ್-4 ಮತ್ತು ಐಎಲ್-13 ಎಂಬ ಎರಡು ಸಂಕೇತಗಳನ್ನಷ್ಟೇ ತಡೆಯುತ್ತದೆ. ದೊಡ್ಡವರಿಗೆ ಮೊದಲ ದಿನ 600 ಮಿ.ಗ್ರಾಂ, ಅಂದರೆ 300ರ ಎರಡು ಸಿರಿಂಜು, ಬೇರೆ ಬೇರೆ ಜಾಗಕ್ಕೆ. ಆಮೇಲೆ ಎರಡು ವಾರಕ್ಕೊಮ್ಮೆ 300. ತೊಡೆಗೆ, ಇಲ್ಲವೇ ಹೊಕ್ಕುಳಿನಿಂದ 5 ಸೆಂ.ಮೀ. ಬಿಟ್ಟು ಹೊಟ್ಟೆಗೆ ಚುಚ್ಚಬೇಕು. ತುರಿಕೆ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಫಲ ಎಷ್ಟು ಎಂದು ಅಳೆಯುವುದು 16 ವಾರಕ್ಕೆ. ಬೆಲೆ ಮಾತ್ರ ಬಹಳ ಜನರ ಕೈ ಮೀರಿದ್ದು, ಇದು ನೋವಿನ ಸಂಗತಿ.

ನಮ್ಮೂರಲ್ಲಿ ಇನ್ನೊಂದು ತೊಡಕು ಬಿಸಿಲು. ಡುಪಿಲುಮ್ಯಾಬನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ 14 ದಿನ ಇರಬಹುದು ಎಂಬ ಮಾತು 25 ಡಿಗ್ರಿಯೊಳಗಿನ ಕೋಣೆಗೆ. ಏಪ್ರಿಲ್‌ನಲ್ಲಿ 40 ದಾಟುವ ವಿಜಯಪುರಕ್ಕೆ ಆ ರಿಯಾಯಿತಿ ಇಲ್ಲವೆಂದೇ ತಿಳಿಯಿರಿ. ಬೆಳಗಾವಿಯಿಂದ ತರುವಾಗ ಥರ್ಮೋಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕಿನ ಮೇಲೆ ಟವೆಲ್ ಸುತ್ತಿ ಇಡಿ. ಐಸ್ ನೇರವಾಗಿ ತಾಗಿ ಔಷಧ ಹೆಪ್ಪುಗಟ್ಟಿದರೆ ಅದನ್ನು ಎಸೆಯುವುದೊಂದೇ ದಾರಿ. ಮನೆಯ ಫ್ರಿಜ್ಜಿನಲ್ಲೂ ಫ್ರೀಜರಿಗೆ ತಾಗುವಂತೆ ಇಡದೆ ನಡುವಿನ ಅರೆಯಲ್ಲಿಡಿ. ಚುಚ್ಚುವ 45 ನಿಮಿಷ ಮೊದಲು ತೆಗೆದು ನೆರಳಲ್ಲಿಡಿ. ತಣ್ಣಗಿದ್ದರೆ ಉರಿ ಹೆಚ್ಚು. ಹಾಗೆಂದು ಬಿಸಿನೀರಿಗೆ ಹಾಕಬೇಡಿ.

ಕಣ್ಣು ಕೆಂಪಾಗಿ ಚುಚ್ಚಿದಂತಾಗುವುದು ಇದರ ಮುಖ್ಯ ಅಡ್ಡಪರಿಣಾಮ. ಕಣ್ಣಿನ ವೈದ್ಯರಿಗೆ ಬೇಗ ತೋರಿಸಿದರೆ ಹನಿಗಳಲ್ಲೇ ಹತೋಟಿಗೆ ಬರುವುದು ಹೆಚ್ಚು. ನೀವಾಗಿ ಸೂಜಿ ನಿಲ್ಲಿಸಬೇಡಿ. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಮೊದಲು ಅದಕ್ಕೆ ಔಷಧ. ಒಂದು ಡೋಸ್ ತಪ್ಪಿದರೆ 7 ದಿನದೊಳಗೆ ಹಾಕಿಕೊಂಡು ಹಳೆಯ ತಾರೀಕಿನ ಲೆಕ್ಕವನ್ನೇ ಮುಂದುವರಿಸಿ. ಅದೂ ಮೀರಿದ್ದರೆ ಮುಂದಿನ ತಾರೀಕಿನವರೆಗೆ ಕಾಯಿರಿ.